ವಿಶ್ವವಿದ್ಯಾಲಯದ ಜನಸಂಖ್ಯಾ ಅಧ್ಯಯನ ಕೇಂದ್ರ: ಜನಗಣತಿ ಇರುವಾಗ ಇದರ ಕೆಲಸವೇನು?

ಪ್ರಶ್ನೆ: ಹೊಸ ಅಭ್ಯಾಸಿ

ಎಲ್ಲರಿಗೂ ನಮಸ್ಕಾರ. ನಾನು ಸಂಖ್ಯಾಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ಪಿಎಚ್.ಡಿ.ಗೆ ವಿಷಯ ಹುಡುಕುತ್ತಿದ್ದೇನೆ. ವಿಶ್ವವಿದ್ಯಾಲಯವೊಂದರ ಜನಸಂಖ್ಯಾ ಅಧ್ಯಯನ ಕೇಂದ್ರದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿ ಸೇರುವ ಅವಕಾಶವಿದೆ. ಕೇಂದ್ರದ ಪರಿಚಯ ಪುಸ್ತಿಕೆಯಲ್ಲಿ ಜನನ, ಮರಣ, ವಲಸೆ, ವೃದ್ಧಾಪ್ಯ, ಕುಟುಂಬ, ಆರೋಗ್ಯ ಎಂದು ಪಟ್ಟಿ ಬೆಳೆಯುತ್ತಲೇ ಹೋಗಿದೆ. ಆದರೆ ಅಲ್ಲಿನವರು ದಿನವಿಡೀ ಕುಳಿತು ಮಾಡುವ ಕೆಲಸ ಯಾವುದು ಎಂಬುದು ಎಷ್ಟು ಓದಿದರೂ ತಿಳಿಯುವುದಿಲ್ಲ.

ನನ್ನ ಅನುಮಾನ ಇದು. ಜನರನ್ನು ಎಣಿಸಲು ಬಹುತೇಕ ಎಲ್ಲ ದೇಶಗಳಲ್ಲಿಯೂ ಸರ್ಕಾರಿ ಸಂಸ್ಥೆಗಳಿವೆ. ಅವುಗಳಿಗೆ ಕಾನೂನಿನ ಬಲವಿದೆ, ಸಾವಿರಾರು ಗಣತಿದಾರರಿದ್ದಾರೆ, ಹಣವೂ ಇದೆ. ಜನನ ಮರಣಗಳ ನೋಂದಣಿಯೂ ಸರ್ಕಾರದ್ದೇ. ಹೀಗಿರುವಾಗ ಹತ್ತಿಪ್ಪತ್ತು ಮಂದಿ ಅಧ್ಯಾಪಕರಿರುವ ಒಂದು ಕೇಂದ್ರ ಹೊಸದಾಗಿ ಏನನ್ನು ಕಂಡುಹಿಡಿಯಬಲ್ಲದು? ಬೇರೆಯವರು ಪ್ರಕಟಿಸಿದ ಕೋಷ್ಟಕಗಳನ್ನು ಮರುಜೋಡಿಸಿ ಪ್ರಬಂಧ ಬರೆಯುವುದಷ್ಟೇ ಕೆಲಸವಾದರೆ ಅದಕ್ಕಾಗಿ ಹಲವು ವರ್ಷ ಕೊಡಲು ನನಗೆ ಮನಸ್ಸಿಲ್ಲ.

ಇನ್ನೊಂದು ಮಾತು. ಆ ಕೇಂದ್ರದಲ್ಲಿ ಅರ್ಥಶಾಸ್ತ್ರಜ್ಞರು, ಸಮಾಜಶಾಸ್ತ್ರಜ್ಞರು, ವೈದ್ಯರು, ಭೂಗೋಳಶಾಸ್ತ್ರಜ್ಞರು ಎಲ್ಲರೂ ಒಂದೇ ಸೂರಿನಡಿ ಇದ್ದಾರೆ. ಇದು ಸ್ವಂತ ವಿಧಾನವುಳ್ಳ ಶಾಸ್ತ್ರವೋ, ಅನುದಾನದ ಸಲುವಾಗಿ ಒಟ್ಟುಗೂಡಿದ ಬೇರೆ ಬೇರೆ ಶಾಸ್ತ್ರಗಳೋ? ಈ ಕ್ಷೇತ್ರವನ್ನು ಹತ್ತಿರದಿಂದ ಬಲ್ಲವರು ದಯವಿಟ್ಟು ವಿವರವಾಗಿ ಉತ್ತರಿಸಬೇಕೆಂದು ಕೋರುತ್ತೇನೆ.

ಉತ್ತರ 1: ಜೀವನಕೋಷ್ಟಕ

ಇಂಥದೇ ಒಂದು ಕೇಂದ್ರದ ದತ್ತಾಂಶ ವಿಭಾಗದಲ್ಲಿ ಬಹಳ ಕಾಲ ಕೆಲಸ ಮಾಡಿದವನಾದ್ದರಿಂದ ನಿಮ್ಮ ಮೊದಲ ಪ್ರಶ್ನೆಗೆ ಉತ್ತರಿಸುತ್ತೇನೆ. ಎರಡನೆಯದನ್ನು ನನಗಿಂತ ಚೆನ್ನಾಗಿ ಹೇಳಬಲ್ಲವರು ಇಲ್ಲಿದ್ದಾರೆ.

ಎಣಿಸುವುದು ಸರ್ಕಾರದ ಕೆಲಸವೆಂಬುದು ಸರಿಯೇ. ಆದರೆ ಎಣಿಕೆ ಮುಗಿದಾಗ ಕೈಗೆ ಬರುವುದು ಮನೆಯವರು ಹೇಳಿದ್ದು ಮತ್ತು ಗಣತಿದಾರ ಬರೆದುಕೊಂಡದ್ದು ಮಾತ್ರ. ಅದಕ್ಕೂ ವಾಸ್ತವಕ್ಕೂ ಎಷ್ಟು ಅಂತರವಿದೆ, ಆ ಅಂತರ ಯಾವ ದಿಕ್ಕಿಗೆ ವಾಲಿದೆ ಎಂದು ಕಂಡುಹಿಡಿಯುವುದರಿಂದಲೇ ನಮ್ಮ ಕೆಲಸ ಶುರುವಾಗುತ್ತದೆ. ಜನನ ದಾಖಲೆ ಸರಿಯಾಗಿಲ್ಲದ ಕಡೆಯ ಯಾವುದೇ ಹಳೆಯ ಜನಗಣತಿಯಲ್ಲಿ ಒಂದೊಂದು ವರ್ಷದ ವಯಸ್ಸಿನ ಕೋಷ್ಟಕವನ್ನು ತೆರೆದು ನೋಡಿ. 29 ವರ್ಷದವರು 8,000, 30 ವರ್ಷದವರು 21,000, 31 ವರ್ಷದವರು 6,000 ಎಂಬಂಥ ಸಾಲುಗಳು ಕಣ್ಣಿಗೆ ಬೀಳುತ್ತವೆ (ಈ ಅಂಕಿಗಳು ಉದಾಹರಣೆಗಾಗಿ ನಾನು ಕಲ್ಪಿಸಿದವು). ಒಂದೇ ವರ್ಷದಲ್ಲಿ ಮಕ್ಕಳು ಮೂರು ಪಟ್ಟು ಹುಟ್ಟಿ ಮರುವರ್ಷವೇ ಕಡಿಮೆಯಾಗಿರಲು ಸಾಧ್ಯವಿಲ್ಲ. ತಮ್ಮ ವಯಸ್ಸು ಖಚಿತವಾಗಿ ಗೊತ್ತಿಲ್ಲದವರು ಸೊನ್ನೆ ಅಥವಾ ಐದರಿಂದ ಕೊನೆಗೊಳ್ಳುವ ಅಂಕಿ ಹೇಳಿದ್ದಾರೆ, ಅಥವಾ ಗಣತಿದಾರನೇ ಮುಖ ನೋಡಿ ಹಾಗೆ ಬರೆದುಕೊಂಡಿದ್ದಾನೆ. ಇದನ್ನು ಅಳೆಯಲು ವಿಪಲ್ ಸೂಚ್ಯಂಕವೆಂಬ ಸರಳ ಸಾಧನವಿದೆ. 23ರಿಂದ 62ರವರೆಗಿನ ವಯಸ್ಸಿನವರಲ್ಲಿ ಸೊನ್ನೆ ಮತ್ತು ಐದರಿಂದ ಕೊನೆಗೊಳ್ಳುವ ವಯಸ್ಸು ಹೇಳಿದವರ ಸಂಖ್ಯೆಯನ್ನು ಆ ವಯೋಮಾನದ ಒಟ್ಟು ಸಂಖ್ಯೆಯ ಐದನೇ ಒಂದು ಭಾಗದಿಂದ ಭಾಗಿಸಿ ನೂರರಿಂದ ಗುಣಿಸಬೇಕು. 100 ಬಂದರೆ ವಯಸ್ಸಿನ ವರದಿಯಲ್ಲಿ ಈ ಬಗೆಯ ಒಲವಿಲ್ಲವೆಂದೂ 500 ಬಂದರೆ ಎಲ್ಲರೂ ಸೊನ್ನೆ ಅಥವಾ ಐದನ್ನೇ ಹೇಳಿದ್ದಾರೆಂದೂ ಅರ್ಥ. 175 ದಾಟಿದ ದತ್ತಾಂಶವನ್ನು ವಿಶ್ವಸಂಸ್ಥೆಯ ವರ್ಗೀಕರಣವು ತೀರಾ ಒರಟೆಂದೇ ಪರಿಗಣಿಸುತ್ತದೆ.

ಇದು ಸಣ್ಣ ದೋಷವೆಂದು ತೋರಬಹುದು. ಆದರೆ 49 ವರ್ಷದ ಹೆಂಗಸರು ಗುಂಪುಗುಂಪಾಗಿ 50ಕ್ಕೆ ಸರಿದರೆ, 15ರಿಂದ 49ರವರೆಗಿನ ಮಹಿಳೆಯರ ಸಂಖ್ಯೆಯನ್ನು ಛೇದವಾಗಿಟ್ಟುಕೊಂಡ ಪ್ರತಿಯೊಂದು ಪ್ರಮಾಣವೂ ಅಷ್ಟರಮಟ್ಟಿಗೆ ಅಲುಗಾಡುತ್ತದೆ. 59 ವರ್ಷದವರು 60 ಎಂದು ಬರೆಸಿದರೆ ವೃದ್ಧರ ಪಾಲು ಉಬ್ಬುತ್ತದೆ, ಪಿಂಚಣಿಯ ಲೆಕ್ಕಾಚಾರವೂ ಅದರ ಜೊತೆಗೆ ಉಬ್ಬುತ್ತದೆ. ಜನಸಂಖ್ಯಾಶಾಸ್ತ್ರದಲ್ಲಿ ಅಂಶಕ್ಕಿಂತ ಛೇದವೇ ಹೆಚ್ಚು ತೊಂದರೆ ಕೊಡುತ್ತದೆ ಎಂಬುದು ನನ್ನ ಅನುಭವ.

ದಾಖಲೆಯೇ ಇಲ್ಲದ ಕಡೆ ಏನು ಮಾಡುವುದು ಎಂಬ ಪ್ರಶ್ನೆಯಲ್ಲಿಯೇ ಈ ಶಾಸ್ತ್ರದ ನಿಜವಾದ ಜಾಣ್ಮೆ ಇದೆ ಎಂದು ನಾನು ಭಾವಿಸುತ್ತೇನೆ. ಶಿಶು ಮರಣವನ್ನೇ ತೆಗೆದುಕೊಳ್ಳಿ. ಸಾವುಗಳ ನೋಂದಣಿ ಇಲ್ಲದ ಪ್ರದೇಶದಲ್ಲಿ ಎರಡು ವರ್ಷ ತುಂಬುವ ಮೊದಲೇ ಎಷ್ಟು ಮಕ್ಕಳು ಸಾಯುತ್ತಾರೆ ಎಂದು ತಿಳಿಯುವುದು ಹೇಗೆ? ಆಫ್ರಿಕಾದ ಅಪೂರ್ಣ ದತ್ತಾಂಶಗಳ ಮೇಲೆ ಕೆಲಸ ಮಾಡಿದ ವಿಲಿಯಂ ಬ್ರಾಸ್ 1960ರ ದಶಕದಲ್ಲಿ ಇದಕ್ಕೊಂದು ದಾರಿ ತೋರಿಸಿದರು. ತಾಯಂದಿರನ್ನು ಎರಡೇ ಪ್ರಶ್ನೆ ಕೇಳಬೇಕು: ನಿಮಗೆ ಒಟ್ಟು ಎಷ್ಟು ಮಕ್ಕಳು ಹುಟ್ಟಿದರು, ಅವರಲ್ಲಿ ಈಗ ಎಷ್ಟು ಮಂದಿ ಬದುಕಿದ್ದಾರೆ? ದಿನಾಂಕ ಕೇಳುವ ಅಗತ್ಯವಿಲ್ಲ. 20ರಿಂದ 24 ವರ್ಷದ ತಾಯಂದಿರ ಮಕ್ಕಳಲ್ಲಿ ಸತ್ತವರ ಪಾಲು, ಒಂದು ಸಣ್ಣ ಗುಣಕದ ತಿದ್ದುಪಡಿಯ ನಂತರ, ಮಗು ಎರಡು ವರ್ಷ ತುಂಬುವುದರೊಳಗೆ ಸಾಯುವ ಸಂಭವನೀಯತೆಗೆ ಸಮನಾಗುತ್ತದೆ. 25ರಿಂದ 29ರ ತಾಯಂದಿರು ಮೂರು ವರ್ಷದೊಳಗಿನ ಸಾವನ್ನೂ 30ರಿಂದ 34ರವರು ಐದು ವರ್ಷದೊಳಗಿನ ಸಾವನ್ನೂ ತಿಳಿಸುತ್ತಾರೆ. ತಾಯಿಯ ವಯಸ್ಸು ಹೆಚ್ಚಿದಂತೆ ಅವಳ ಮಕ್ಕಳು ಸಾವಿನ ಅಪಾಯಕ್ಕೆ ಒಡ್ಡಿಕೊಂಡ ಕಾಲವೂ ಹೆಚ್ಚುತ್ತದೆ ಎಂಬ ಸರಳ ಸಂಗತಿಯೇ ಇದರ ಬುನಾದಿ.

ಇಲ್ಲಿಗೆ ಮುಗಿಯಿತೆಂದುಕೊಳ್ಳಬೇಡಿ. ಈ ವಿಧಾನ ಬದುಕಿರುವ ತಾಯಂದಿರನ್ನು ಮಾತ್ರ ಕೇಳುತ್ತದೆ. ತಾಯಿಯ ಸಾವಿಗೂ ಮಗುವಿನ ಸಾವಿಗೂ ಸಂಬಂಧವಿಲ್ಲದಿದ್ದರೆ ಇದರಿಂದ ತೊಂದರೆಯಿಲ್ಲ. ಆದರೆ ಎಚ್‌ಐವಿ ಹರಡಿದ ಪ್ರದೇಶಗಳಲ್ಲಿ ಸೋಂಕಿತ ತಾಯಿಯೂ ಸತ್ತು, ಅವಳಿಂದ ಸೋಂಕು ತಗುಲಿದ ಮಗುವೂ ಸತ್ತಾಗ, ಉತ್ತರಿಸಲು ಯಾರೂ ಉಳಿಯುವುದಿಲ್ಲ, ಅಂದಾಜು ವಾಸ್ತವಕ್ಕಿಂತ ಕೆಳಗಿಳಿಯುತ್ತದೆ. ಇಂಥ ಸಂದರ್ಭದಲ್ಲಿ ಸೂತ್ರದ ಹಿಂದಿನ ಊಹೆ ಎಲ್ಲಿ ಮುರಿಯುತ್ತದೆ ಎಂದು ಗುರುತಿಸಿ ಅದಕ್ಕೆ ತಿದ್ದುಪಡಿ ಕಂಡುಹಿಡಿಯುವುದು ಸಂಶೋಧನಾ ವಿದ್ಯಾರ್ಥಿಯೊಬ್ಬ ವರ್ಷಗಟ್ಟಲೆ ಮಾಡಬಹುದಾದ ಕೆಲಸ. ಕೋಷ್ಟಕ ಮರುಜೋಡಿಸುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿದೆ.

ಇನ್ನೊಂದು ಉದಾಹರಣೆ ಸಂಖ್ಯಾಶಾಸ್ತ್ರ ಓದಿದ ನಿಮಗೆ ಇಷ್ಟವಾಗಬಹುದು. ಕೊಲ್ಕತ್ತಾ ಸಮೀಪದ ಸಿಂಗೂರು ಆರೋಗ್ಯ ಕೇಂದ್ರದ ವ್ಯಾಪ್ತಿಯ ದತ್ತಾಂಶವನ್ನು ಬಳಸಿ ಸಿ. ಚಂದ್ರಶೇಖರನ್ ಮತ್ತು ಡಬ್ಲ್ಯೂ. ಎಡ್ವರ್ಡ್ಸ್ ಡೆಮಿಂಗ್ 1949ರಲ್ಲಿ ಒಂದು ವಿಧಾನವನ್ನು ಪ್ರಕಟಿಸಿದರು. ಒಂದು ಪ್ರದೇಶದ ಜನನಗಳ ಎರಡು ಪಟ್ಟಿಗಳಿವೆ ಎಂದುಕೊಳ್ಳಿ: ನೋಂದಣಿ ಪುಸ್ತಕದಲ್ಲಿ 400, ಮನೆಮನೆ ವಿಚಾರಣೆಯಲ್ಲಿ 360, ಹೆಸರು ಹಿಡಿದು ತಾಳೆ ನೋಡಿದರೆ ಎರಡರಲ್ಲೂ ಇರುವವು 300. ವಿಚಾರಣೆಯಲ್ಲಿ ಸಿಕ್ಕ 360ರಲ್ಲಿ 300 ನೋಂದಣಿಯಲ್ಲಿಯೂ ಇದ್ದುದರಿಂದ ನೋಂದಣಿ ಹಿಡಿದದ್ದು ಆರರಲ್ಲಿ ಐದು ಪಾಲು. ಆ 400 ನಿಜವಾದ ಸಂಖ್ಯೆಯ ಆರರಲ್ಲಿ ಐದು ಪಾಲಾದರೆ ನಿಜವಾದ ಸಂಖ್ಯೆ 480. ಎರಡೂ ಪಟ್ಟಿಗಳಿಗೆ ತಪ್ಪಿಸಿಕೊಂಡ 20 ಜನನಗಳು ಹೀಗೆ ಲೆಕ್ಕಕ್ಕೆ ಬರುತ್ತವೆ. ಎರಡು ಪಟ್ಟಿಗಳೂ ಒಂದಕ್ಕೊಂದು ಸ್ವತಂತ್ರವಾಗಿರಬೇಕೆಂಬುದು ಷರತ್ತು. ನೋಂದಣಿಯಲ್ಲಿ ಬಿಟ್ಟುಹೋದ ಮನೆಗಳೇ ವಿಚಾರಣೆಯಲ್ಲಿಯೂ ಬಿಟ್ಟುಹೋಗುವಂತಿದ್ದರೆ ಅಂದಾಜು ಕಡಿಮೆಯಾಗುತ್ತದೆ. ಅದಕ್ಕಾಗಿಯೇ ಅವರಿಬ್ಬರೂ ಜನರನ್ನು ಸ್ವಭಾವದಲ್ಲಿ ಒಂದೇ ತೆರನಾದ ಸಣ್ಣ ಗುಂಪುಗಳಾಗಿ ವಿಂಗಡಿಸಿ ಪ್ರತಿ ಗುಂಪಿಗೂ ಬೇರೆಯಾಗಿ ಲೆಕ್ಕ ಹಾಕಬೇಕೆಂದು ಸೂಚಿಸಿದರು.

ಹಾಗೆ ನೋಡಿದರೆ ಎಣಿಸದೆಯೇ ತಿಳಿಯುವ ಈ ಹಂಬಲ ಶಾಸ್ತ್ರದಷ್ಟೇ ಹಳೆಯದು. 1662ರಲ್ಲಿ ಲಂಡನ್ನಿನ ಜಾನ್ ಗ್ರಾಂಟ್ ಎಂಬ ವ್ಯಾಪಾರಿ, ವಾರವಾರವೂ ಪ್ರಕಟವಾಗುತ್ತಿದ್ದ ಮರಣ ಪಟ್ಟಿಗಳನ್ನು ಮುಂದಿಟ್ಟುಕೊಂಡು ಆ ನಗರದ ಜನಸಂಖ್ಯೆ ಸುಮಾರು 3,84,000 ಎಂದು ಅಂದಾಜಿಸಿದ. ಆಗ ಲಂಡನ್ನಿನಲ್ಲಿ ಹಲವು ದಶಲಕ್ಷ ಜನರಿದ್ದಾರೆಂದು ನಂಬಿದವರಿದ್ದರು. ಅವನ ಕೈಯಲ್ಲಿದ್ದದ್ದು ಸತ್ತವರ ಪಟ್ಟಿ ಮಾತ್ರ, ಜನಗಣತಿ ಇರಲೇ ಇಲ್ಲ.

ಉತ್ತರ 2: ಕಚೇರಿಯ ಕಡೆಯಿಂದ

ಮೇಲಿನ ಉತ್ತರ ಒಳ್ಳೆಯದೇ. ಆದರೆ ಸರ್ಕಾರಿ ಅಂಕಿಅಂಶ ಕಚೇರಿಗಳು ಕಣ್ಣು ಮುಚ್ಚಿಕೊಂಡು ಎಣಿಸುತ್ತವೆ, ವಿಶ್ವವಿದ್ಯಾಲಯದವರು ಬಂದು ತಿದ್ದುತ್ತಾರೆ ಎಂಬ ಭಾವನೆ ಅದನ್ನು ಓದಿದವರಲ್ಲಿ ಉಳಿಯಬಾರದು. ವಿಪಲ್ ಸೂಚ್ಯಂಕವನ್ನು ನಾವೂ ಲೆಕ್ಕ ಹಾಕುತ್ತೇವೆ, ಗಣತಿಯ ನಂತರದ ಮರುಪರಿಶೀಲನಾ ಸಮೀಕ್ಷೆಯನ್ನೂ ಮಾಡುತ್ತೇವೆ. ಚಂದ್ರಶೇಖರನ್ ಮತ್ತು ಡೆಮಿಂಗ್ ಅವರ ವಿಧಾನವನ್ನು ಹೆಚ್ಚು ಬಳಸಿದವರೂ ಕಚೇರಿಗಳವರೇ.

ನಮ್ಮ ಕೈಯಲ್ಲಾಗದ್ದು ಬೇರೆ. ಕಚೇರಿಗೆ ಪ್ರಕಟಣೆಯ ದಿನಾಂಕವಿರುತ್ತದೆ. ಆ ದಿನ ಕಳೆದ ಮೇಲೆ ಅದೇ ದತ್ತಾಂಶವನ್ನು ಮತ್ತೆ ಅಗೆಯಲು ಯಾರಿಗೂ ಬಿಡುವಿರುವುದಿಲ್ಲ, ಮುಂದಿನ ಸುತ್ತಿನ ಕೆಲಸ ಆಗಲೇ ತಲೆಯ ಮೇಲೆ ಕುಳಿತಿರುತ್ತದೆ. ಅಲ್ಲದೆ ಸರ್ಕಾರ ಒಪ್ಪದ ಸಂಖ್ಯೆಯನ್ನು ಸರ್ಕಾರದ ಕಚೇರಿಯೇ ಪ್ರಕಟಿಸುವುದು ಎಷ್ಟು ಕಷ್ಟವೆಂಬುದನ್ನು ಕೋವಿಡ್ ಕಾಲ ತೋರಿಸಿಕೊಟ್ಟಿತು. 2020 ಮತ್ತು 2021ರಲ್ಲಿ ಜಗತ್ತಿನಾದ್ಯಂತ ಅಧಿಕೃತವಾಗಿ ವರದಿಯಾದ ಕೋವಿಡ್ ಸಾವುಗಳು ಸುಮಾರು 54 ಲಕ್ಷ. ಅದೇ ಅವಧಿಗೆ ವಿಶ್ವ ಆರೋಗ್ಯ ಸಂಸ್ಥೆ 2022ರ ಮೇ ತಿಂಗಳಲ್ಲಿ ಪ್ರಕಟಿಸಿದ ಹೆಚ್ಚುವರಿ ಮರಣಗಳ ಅಂದಾಜು 1 ಕೋಟಿ 49 ಲಕ್ಷ. ಹೆಚ್ಚುವರಿ ಮರಣವೆಂದರೆ ಸಾಂಕ್ರಾಮಿಕ ಇಲ್ಲದಿದ್ದರೆ ನಿರೀಕ್ಷಿಸಬಹುದಾಗಿದ್ದ ಸಾವುಗಳಿಗೂ ಆ ಕಾಲದಲ್ಲಿ ಆದ ಸಾವುಗಳಿಗೂ ಇರುವ ವ್ಯತ್ಯಾಸ. ಇದರಲ್ಲಿ ಕೋವಿಡ್ಡಿನಿಂದ ನೇರವಾಗಿ ಸತ್ತವರೂ ಆಸ್ಪತ್ರೆ ಸಿಗದೆ ಬೇರೆ ಕಾಯಿಲೆಗಳಿಂದ ಸತ್ತವರೂ ಸೇರುತ್ತಾರೆ. ಆ ಅಂದಾಜನ್ನು ಒಪ್ಪದ ಸರ್ಕಾರಗಳಿದ್ದವು, ವಿಧಾನದ ಬಗ್ಗೆ ಗಂಭೀರವಾದ ತಕರಾರುಗಳೂ ಇದ್ದವು. ಆ ತಕರಾರನ್ನು ಬಹಿರಂಗವಾಗಿ ಚರ್ಚಿಸಲು ಸಂಬಳಕ್ಕಾಗಿ ಅಂಕಿಅಂಶ ಕಚೇರಿಯನ್ನು ಅವಲಂಬಿಸದ ಜನ ಬೇಕು. ವಿಶ್ವವಿದ್ಯಾಲಯದ ಕೇಂದ್ರಗಳ ಉಪಯೋಗ ನನಗೆ ಕಾಣುವುದು ಅಲ್ಲಿ.

ಒಂದು ದೂರು ಹೇಳಿಯೇ ಬಿಡುತ್ತೇನೆ. ಸಂಶೋಧಕರು ನಮ್ಮಲ್ಲಿಗೆ ಬಂದು ಮನೆ ಮನೆಯ ಮಟ್ಟದ ದತ್ತಾಂಶ ಕೊಡಿ ಎಂದು ಒತ್ತಾಯಿಸುತ್ತಾರೆ. ಉತ್ತರಿಸಿದವರ ಗುರುತು ಹೊರಬೀಳಬಾರದೆಂಬ ಹೊಣೆ ನಮ್ಮದು. ಹಲವು ದೇಶಗಳಲ್ಲಿ 1984ರಿಂದ ನಡೆದುಬಂದ ಜನಸಂಖ್ಯೆ ಮತ್ತು ಆರೋಗ್ಯ ಸಮೀಕ್ಷೆಗಳು ಸಮೀಕ್ಷಾ ಗುಚ್ಛಗಳ (ಸಮೀಕ್ಷೆಗಾಗಿ ಒಟ್ಟಾಗಿ ಆರಿಸಿಕೊಂಡ ಅಕ್ಕಪಕ್ಕದ ಮನೆಗಳ ಗುಂಪುಗಳ) ಸ್ಥಳಾಂಕವನ್ನು ಬೇಕೆಂದೇ ಅಲುಗಾಡಿಸಿ ಕೊಡುತ್ತವೆ: ನಗರದಲ್ಲಿ 2 ಕಿಲೋಮೀಟರಿನವರೆಗೆ, ಗ್ರಾಮೀಣ ಭಾಗದಲ್ಲಿ 5 ಕಿಲೋಮೀಟರಿನವರೆಗೆ, ಗ್ರಾಮೀಣ ಗುಚ್ಛಗಳಲ್ಲಿ ಶೇಕಡಾ 1ರಷ್ಟನ್ನು 10 ಕಿಲೋಮೀಟರಿನವರೆಗೆ. ಇದನ್ನು ಗಮನಿಸದೆ ಆಸ್ಪತ್ರೆಗೆ ಇರುವ ದೂರವನ್ನು ನೂರು ಮೀಟರಿನ ನಿಖರತೆಯಲ್ಲಿ ಲೆಕ್ಕ ಹಾಕಿದ ಪ್ರಬಂಧಗಳನ್ನು ನೋಡಿದಾಗ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಉತ್ತರ 3: ಹಳೆಯ ಕಡತ

ನಿಮ್ಮ ಎರಡನೆಯ ಪ್ರಶ್ನೆಯ ಬಗ್ಗೆ ಎರಡು ಮಾತು. ಇದು ಒಂದು ಶಾಸ್ತ್ರವೋ ಹಲವು ಶಾಸ್ತ್ರಗಳ ಕೂಟವೋ ಎಂದು ಕೇಳಿದ್ದೀರಿ. ಲೆಕ್ಕ ಹಾಕುವ ಭಾಗಕ್ಕೆ ಸ್ವಂತ ವಿಧಾನವಿದೆ, ಅದು ಗಟ್ಟಿಯಾಗಿಯೂ ಇದೆ. ಜೀವನ ಕೋಷ್ಟಕವೊಂದನ್ನು (ಒಂದು ಪೀಳಿಗೆಯಲ್ಲಿ ಯಾವ ವಯಸ್ಸಿನವರೆಗೆ ಎಷ್ಟು ಮಂದಿ ಬದುಕುಳಿಯುತ್ತಾರೆಂದು ತೋರಿಸುವ ಪಟ್ಟಿ) ಬಿಟ್ಟರೆ ಉಳಿದದ್ದರಲ್ಲಿ ಅರ್ಧ ಕುಸಿದುಬೀಳುತ್ತದೆ. ಆದರೆ ಜನ ಯಾಕೆ ಕಡಿಮೆ ಮಕ್ಕಳನ್ನು ಹೆರುತ್ತಾರೆ, ಯಾಕೆ ಊರು ಬಿಡುತ್ತಾರೆ ಎಂಬ ಪ್ರಶ್ನೆಗೆ ಲೆಕ್ಕ ಉತ್ತರ ಕೊಡುವುದಿಲ್ಲ. ಆಗ ಬೇರೆಯವರನ್ನು ಕರೆಯಲೇಬೇಕಾಗುತ್ತದೆ.

ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜನಸಂಖ್ಯಾ ಸಂಶೋಧನಾ ಕಚೇರಿಯ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. 1936ರಲ್ಲಿ ಫ್ರಾಂಕ್ ನೋಟ್‌ಸ್ಟೀನ್ ಅವರ ನೇತೃತ್ವದಲ್ಲಿ ಆರಂಭವಾದ ಅದು ಇಂಥ ವಿಶ್ವವಿದ್ಯಾಲಯ ಕೇಂದ್ರಗಳಲ್ಲಿ ಬಹಳ ಹಳೆಯದು. ಕೈಗಾರಿಕೀಕರಣ, ನಗರೀಕರಣ, ಶಿಕ್ಷಣ ಇವು ಬಂದ ಮೇಲೆ ಮೊದಲು ಮರಣ ಪ್ರಮಾಣ ಇಳಿಯುತ್ತದೆ, ಸ್ವಲ್ಪ ಕಾಲದ ನಂತರ ಜನನ ಪ್ರಮಾಣವೂ ಇಳಿಯುತ್ತದೆ ಎಂಬ ಜನಸಂಖ್ಯಾ ಸಂಕ್ರಮಣದ ಸಿದ್ಧಾಂತ ಪ್ರಚಾರಕ್ಕೆ ಬಂದದ್ದರಲ್ಲಿ ನೋಟ್‌ಸ್ಟೀನ್ ಅವರ ಪಾತ್ರ ದೊಡ್ಡದು. ನೋಡಲು ಬಲು ಅಚ್ಚುಕಟ್ಟಾದ ಸಿದ್ಧಾಂತ. 1963ರಲ್ಲಿ ಅದೇ ಕಚೇರಿಯ ಆನ್ಸ್‌ಲಿ ಕೋಲ್ ಯುರೋಪಿನ ನೂರಾರು ಪ್ರಾಂತ್ಯಗಳ ಹಳೆಯ ದಾಖಲೆಗಳನ್ನು ಒಟ್ಟುಗೂಡಿಸಿ ಅದನ್ನು ಪರೀಕ್ಷಿಸುವ ಯೋಜನೆಯನ್ನು ಆರಂಭಿಸಿದರು. ಅದರ ಸಾರಾಂಶ ಸಂಪುಟ ಹೊರಬಂದದ್ದು 1986ರಲ್ಲಿ, ಎಂದರೆ ಎರಡು ದಶಕಗಳಿಗೂ ಮೀರಿದ ಮೇಲೆ. ಅದರ ಫಲಿತಾಂಶ ತಮ್ಮದೇ ಮನೆಯ ಸಿದ್ಧಾಂತವನ್ನು ಅಲುಗಾಡಿಸುವಂಥದ್ದಾಗಿತ್ತು. ಜನನ ಪ್ರಮಾಣದ ಇಳಿಕೆ ಆರಂಭವಾದಾಗ ಒಂದು ಪ್ರಾಂತ್ಯ ಶ್ರೀಮಂತವಾಗಿತ್ತು, ಇನ್ನೊಂದು ಬಡವಾಗಿತ್ತು, ಕೆಲವು ಕಡೆ ಕಾರ್ಖಾನೆಗಳಿದ್ದವು, ಕೆಲವು ಕಡೆ ಬರೀ ಹೊಲಗಳಿದ್ದವು. ಫ್ರಾನ್ಸಿನಲ್ಲಂತೂ ಕೈಗಾರಿಕೆ ಬೆಳೆಯುವುದಕ್ಕೆ ಮುಂಚೆಯೇ ಇಳಿಕೆ ಶುರುವಾಗಿತ್ತು. ಆರ್ಥಿಕ ಮಟ್ಟಕ್ಕಿಂತ ಭಾಷೆ ಮತ್ತು ಸಂಸ್ಕೃತಿಯ ಗಡಿಗಳು ಆ ಇಳಿಕೆಯ ನಕ್ಷೆಯಲ್ಲಿ ಹೆಚ್ಚು ಎದ್ದು ಕಂಡವು. ಒಂದೇ ಭಾಷೆ ಆಡುವ ನೆರೆಯ ಪ್ರಾಂತ್ಯಗಳಲ್ಲಿ ಬದಲಾವಣೆ ಹೆಚ್ಚುಕಡಿಮೆ ಒಟ್ಟಿಗೇ ಹಬ್ಬಿತ್ತು. ಆ ಯೋಜನೆ ಪ್ರಾಂತ್ಯಗಳ ಸರಾಸರಿಯನ್ನು ಮಾತ್ರ ನೋಡಿದ್ದರಿಂದ ಒಳಗಿನ ವ್ಯತ್ಯಾಸಗಳು ಮರೆಯಾದವು ಎಂಬ ಟೀಕೆ ನಂತರ ಬಂತು, ಆ ಟೀಕೆಯಲ್ಲಿ ಹುರುಳಿದೆ. ಹಾಗಿದ್ದರೂ ಮಾನವಶಾಸ್ತ್ರಜ್ಞರೂ ಇತಿಹಾಸಕಾರರೂ ಜನಸಂಖ್ಯಾ ಕೇಂದ್ರಗಳ ಒಳಗೆ ಕುರ್ಚಿ ಹಾಕಿಕೊಂಡು ಕುಳಿತದ್ದಕ್ಕೆ ಇಂಥ ಫಲಿತಾಂಶಗಳೇ ಬಹುಪಾಲು ಕಾರಣವೆಂದು ನನ್ನ ಎಣಿಕೆ.

ಗಮನಿಸಿ, ಇಪ್ಪತ್ತು ವರ್ಷ ಒಂದೇ ಪ್ರಶ್ನೆಯ ಬೆನ್ನು ಹತ್ತುವ ತಾಳ್ಮೆ ಚುನಾಯಿತ ಸರ್ಕಾರದ ಇಲಾಖೆಗೆ ಇರುವುದು ಕಷ್ಟ. ದಕ್ಷಿಣ ಆಫ್ರಿಕಾದ ಗ್ರಾಮೀಣ ಭಾಗವಾದ ಅಗಿನ್‌ಕೋರ್ಟಿನಲ್ಲಿ ವಿಟ್ವಾಟರ್ಸ್‌ರಾಂಡ್ ವಿಶ್ವವಿದ್ಯಾಲಯದವರು 1992ರಿಂದ ಪ್ರತಿವರ್ಷ ಮನೆಮನೆಗೆ ಹೋಗಿ ಯಾರು ಹುಟ್ಟಿದರು, ಯಾರು ಸತ್ತರು, ಯಾರು ಬಂದರು, ಯಾರು ಹೋದರು ಎಂದು ಬರೆದುಕೊಳ್ಳುತ್ತಾ ಬಂದಿದ್ದಾರೆ. ಸಾವು ಸಂಭವಿಸಿದ ಮನೆಯಲ್ಲಿ ಕೊನೆಯ ದಿನಗಳ ಲಕ್ಷಣಗಳನ್ನು ಬಂಧುಗಳಿಂದ ವಿಚಾರಿಸಿ, ವೈದ್ಯರ ನೆರವಿನಿಂದ ಸಾವಿನ ಕಾರಣವನ್ನು ನಿರ್ಧರಿಸುತ್ತಾರೆ. ಆರಂಭಿಸಿದಾಗ ಅವರ ಮನಸ್ಸಿನಲ್ಲಿದ್ದದ್ದು ಗ್ರಾಮೀಣ ಆರೋಗ್ಯ ಸೇವೆಯ ಯೋಜನೆಗೆ ಬೇಕಾದ ಮಾಹಿತಿ. ಆದರೆ ಅದೇ ದಾಖಲೆ ಮುಂದೆ ಏಡ್ಸ್ ಸಾಂಕ್ರಾಮಿಕದ ಕಾಲದಲ್ಲಿ ಅಲ್ಲಿನ ನಿರೀಕ್ಷಿತ ಜೀವಿತಾವಧಿ ಒಂದು ದಶಕಕ್ಕೂ ಹೆಚ್ಚು ಕುಸಿದದ್ದನ್ನು, ಚಿಕಿತ್ಸೆ ವ್ಯಾಪಕವಾಗಿ ದೊರೆಯತೊಡಗಿದ ಮೇಲೆ ಮತ್ತೆ ಏರಿದ್ದನ್ನು ವರ್ಷವರ್ಷವೂ ತೋರಿಸಿತು. ಹತ್ತು ವರ್ಷಕ್ಕೊಮ್ಮೆ ನಡೆಯುವ ಜನಗಣತಿಯಲ್ಲಿ ಈ ಇಳಿತ ಏರಿಕೆಗಳೆರಡೂ ನಡುವೆಯೇ ಕಳೆದುಹೋಗುವ ಸಂಭವವಿತ್ತು.

ಬೇರೆ ಬೇರೆ ದೇಶಗಳ ಮರಣ ದತ್ತಾಂಶವನ್ನು ಒಂದೇ ರೂಪಕ್ಕೆ ತಂದು ಎಲ್ಲರಿಗೂ ಒದಗಿಸುವ ಕೆಲಸವೂ ಇಂಥದ್ದೇ. ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಮತ್ತು ಜರ್ಮನಿಯ ರೋಸ್ಟಾಕ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆ ಸೇರಿ ಕಟ್ಟಿದ ಮಾನವ ಮರಣ ದತ್ತಕೋಶವನ್ನು ಬಳಸದೆ ಇಂದು ದೀರ್ಘಾಯುಷ್ಯದ ಬಗ್ಗೆ ಗಂಭೀರವಾದ ಪ್ರಬಂಧ ಬರೆಯುವುದು ಅಪರೂಪ. ಅದನ್ನು ಕಟ್ಟಿದವರಿಗೆ ಪ್ರಶಸ್ತಿ ಕಡಿಮೆ, ಪರಿಶ್ರಮ ಹೆಚ್ಚು.

ಮರುಪ್ರಶ್ನೆ: ಹೊಸ ಅಭ್ಯಾಸಿ

ಮೂವರಿಗೂ ಕೃತಜ್ಞತೆಗಳು. ಬ್ರಾಸ್ ಅವರ ವಿಧಾನದ ವಿವರಣೆ ಓದಿದ ಮೇಲೆ ನನ್ನ ಅನುಮಾನ ಬಹುಪಾಲು ಕರಗಿದೆ. ಆದರೆ ಇನ್ನೆರಡು ವಿಷಯ ಉಳಿದಿವೆ. ಒಟ್ಟು ಫಲವತ್ತತೆ ದರ, ಎಂದರೆ ಒಬ್ಬ ಹೆಂಗಸಿಗೆ ಸರಾಸರಿ ಎಷ್ಟು ಮಕ್ಕಳೆಂಬ ಲೆಕ್ಕ, 2.1ಕ್ಕಿಂತ ಕೆಳಗಿಳಿದ ಕೂಡಲೇ ಜನಸಂಖ್ಯೆ ಕುಗ್ಗತೊಡಗುತ್ತದೆ ಎಂದು ಪತ್ರಿಕೆಗಳಲ್ಲಿ ಓದುತ್ತೇನೆ. ಆದರೆ ಆ ಮಟ್ಟಕ್ಕಿಂತ ಕೆಳಗಿರುವ ದೇಶಗಳಲ್ಲಿಯೂ ಜನಸಂಖ್ಯೆ ಏರುತ್ತಲೇ ಇದೆ. ಇದು ಹೇಗೆ? ಹಾಗೆಯೇ ಐವತ್ತು ವರ್ಷ ಮುಂದಿನ ಜನಸಂಖ್ಯೆಯನ್ನು ಹೇಳುವ ಮುನ್ನಂದಾಜುಗಳನ್ನು ಎಷ್ಟರಮಟ್ಟಿಗೆ ನಂಬಬಹುದು? ಕೇಂದ್ರಕ್ಕೆ ಸೇರುವ ಮೊದಲು ಅವರನ್ನು ಏನು ಕೇಳಬೇಕೆಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 4: ಜೀವನಕೋಷ್ಟಕ

ಫಲವತ್ತತೆಯ ಪ್ರಶ್ನೆಯಲ್ಲಿ ಎರಡು ಸಂಗತಿಗಳು ಒಟ್ಟಿಗೆ ಹೆಣೆದುಕೊಂಡಿವೆ.

ಮೊದಲನೆಯದು ವಯೋರಚನೆ. ಹಿಂದಿನ ದಶಕಗಳಲ್ಲಿ ಹೆಚ್ಚು ಮಕ್ಕಳು ಹುಟ್ಟಿದ್ದರೆ ಇಂದು ತಾಯಂದಿರಾಗುವ ವಯಸ್ಸಿನ ಹೆಂಗಸರ ಸಂಖ್ಯೆಯೇ ದೊಡ್ಡದಾಗಿರುತ್ತದೆ. ಒಬ್ಬೊಬ್ಬರಿಗೂ ಎರಡಕ್ಕಿಂತ ಕಡಿಮೆ ಮಕ್ಕಳಾದರೂ ಒಟ್ಟು ಜನನಗಳು, ಇನ್ನೂ ಚಿಕ್ಕದಾಗಿಯೇ ಇರುವ ವೃದ್ಧ ಪೀಳಿಗೆಯಲ್ಲಿ ಸಂಭವಿಸುವ ಸಾವುಗಳಿಗಿಂತ ಹೆಚ್ಚಾಗಿರುತ್ತವೆ. ಚಲಿಸುವ ಗಾಡಿ ಬ್ರೇಕ್ ಹಾಕಿದ ಮೇಲೂ ಸ್ವಲ್ಪ ದೂರ ಹೋಗುವಂತೆ ಬೆಳವಣಿಗೆ ಹಲವು ದಶಕ ಮುಂದುವರಿಯುತ್ತದೆ. ನೇಥನ್ ಕೀಫಿಟ್ಸ್ 1971ರಲ್ಲಿ ಈ ಆವೇಗವನ್ನು ಅಳೆಯುವ ಸೂತ್ರ ಕೊಟ್ಟರು. ವಲಸೆ ಬಂದವರಿಂದ ಆಗುವ ಏರಿಕೆ ಇದರ ಹೊರಗಿನದು.

ಎರಡನೆಯದು ಆ ದರದ ಸ್ವರೂಪ. ಒಟ್ಟು ಫಲವತ್ತತೆ ದರವನ್ನು ಒಂದೇ ವರ್ಷದಲ್ಲಿ ಬೇರೆ ಬೇರೆ ವಯಸ್ಸಿನ ಹೆಂಗಸರಿಗೆ ಹುಟ್ಟಿದ ಮಕ್ಕಳ ಪ್ರಮಾಣಗಳನ್ನು ಕೂಡಿಸಿ ಪಡೆಯುತ್ತೇವೆ. ಆ ಸಂಖ್ಯೆಯಂತೆ ಬದುಕಿದ ಹೆಂಗಸು ವಾಸ್ತವದಲ್ಲಿ ಎಲ್ಲಿಯೂ ಇಲ್ಲ. ಹೆಂಗಸರು ಮಗುವನ್ನು ಬೇಡವೆನ್ನದೆ ಕೇವಲ ಮುಂದೂಡಿದರೂ ಆ ವರ್ಷದ ಜನನಗಳು ಕಡಿಮೆಯಾಗಿ ದರ ಇಳಿಯುತ್ತದೆ. ಜಾನ್ ಬೊಂಗಾರ್ಟ್ಸ್ ಮತ್ತು ಗ್ರಿಫಿತ್ ಫೀನಿ 1998ರಲ್ಲಿ ಸೂಚಿಸಿದ ತಿದ್ದುಪಡಿ ಹೀಗಿದೆ: ತಾಯಿಯಾಗುವ ಸರಾಸರಿ ವಯಸ್ಸು ವರ್ಷಕ್ಕೆ 0.1 ವರ್ಷದಂತೆ ಏರುತ್ತಿದ್ದರೆ, ಕಂಡುಬಂದ ದರವನ್ನು 0.9ರಿಂದ ಭಾಗಿಸಬೇಕು. 1.8 ಎಂದು ಕಂಡದ್ದು ಆಗ 2.0 ಆಗುತ್ತದೆ. ಮಕ್ಕಳ ಜನನ ಕ್ರಮಕ್ಕೆ ತಕ್ಕಂತೆ ಮೊದಲ ಮಗು, ಎರಡನೆಯ ಮಗು ಎಂದು ಬೇರ್ಪಡಿಸಿ ಈ ಲೆಕ್ಕ ಹಾಕಬೇಕು. ಈ ತಿದ್ದುಪಡಿಯ ಹಿಂದಿನ ಊಹೆಗಳ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ. ಇಲ್ಲಿ ಎಚ್ಚರಿಕೆಯೊಂದಿದೆ: ಮುಂದೂಡಿದ ಮಗು ಕೊನೆಗೂ ಹುಟ್ಟದೇ ಹೋಗಬಹುದು. ಆದ್ದರಿಂದ ಕಡಿಮೆ ದರವನ್ನೆಲ್ಲ ಮುಂದೂಡಿಕೆಯ ಮಾಯೆ ಎಂದು ತಳ್ಳಿಹಾಕುವವರನ್ನೂ ನಾನು ಒಪ್ಪುವುದಿಲ್ಲ.

ಮುನ್ನಂದಾಜುಗಳ ವಿಷಯಕ್ಕೆ ಬಂದರೆ, ಒಂದೇ ಅಂದಾಜಿನೊಳಗೆ ನಂಬಬಹುದಾದ ಭಾಗವೂ ಇದೆ, ನಂಬಲಾಗದ ಭಾಗವೂ ಇದೆ. ಇನ್ನು ಇಪ್ಪತ್ತು ವರ್ಷಕ್ಕೆ 60 ದಾಟುವವರು ಈಗಾಗಲೇ ಹುಟ್ಟಿ 40 ದಾಟಿದ್ದಾರೆ. ಅವರಲ್ಲಿ ಎಷ್ಟು ಮಂದಿ ಉಳಿಯುತ್ತಾರೆಂಬುದನ್ನು ಜೀವನ ಕೋಷ್ಟಕದಿಂದ ಸಾಕಷ್ಟು ಧೈರ್ಯವಾಗಿ ಹೇಳಬಹುದು. ಇನ್ನೂ ಹುಟ್ಟದವರ ಸಂಖ್ಯೆಯನ್ನು ಹಾಗೆ ಹೇಳಲಾಗದು. 1930ರ ದಶಕದ ಅಂದಾಜುದಾರರು ಪಶ್ಚಿಮ ದೇಶಗಳ ಜನಸಂಖ್ಯೆ ಕುಗ್ಗುತ್ತದೆಂದು ಚಿಂತಿಸುತ್ತಿದ್ದರು. ಎರಡನೆಯ ಮಹಾಯುದ್ಧದ ನಂತರದ ಜನನಗಳ ಏರಿಕೆ ಅವರ ಯಾವ ಲೆಕ್ಕದಲ್ಲಿಯೂ ಇರಲಿಲ್ಲ. ವಲಸೆಯ ಬಗ್ಗೆಯಂತೂ ಹೇಳುವುದೇ ಬೇಡ, ಒಂದು ಯುದ್ಧ ಅಥವಾ ಒಂದು ವೀಸಾ ನಿಯಮ ಎಲ್ಲವನ್ನೂ ತಲೆಕೆಳಗು ಮಾಡುತ್ತದೆ.

ಸೇರುವ ಮೊದಲು ಕೇಳಬೇಕಾದದ್ದು ಇಷ್ಟು. ಕೇಂದ್ರದ ಬಳಿ ಸ್ವಂತವಾಗಿ ಸಂಗ್ರಹಿಸಿದ ದತ್ತಾಂಶವಿದೆಯೇ, ಅಥವಾ ಬೇರೆಯವರದ್ದನ್ನು ಬಳಸಲು ಪರವಾನಗಿ ಇದೆಯೇ ಎಂದು ವಿಚಾರಿಸಿ. ವ್ಯಕ್ತಿಮಟ್ಟದ ಕಡತಗಳನ್ನು ಎಲ್ಲಿ ಕುಳಿತು ನೋಡಬೇಕು, ಅನುಮತಿಗೆ ಎಷ್ಟು ತಿಂಗಳು ಹಿಡಿಯುತ್ತದೆ ಎಂಬುದನ್ನೂ ಕೇಳಿ, ಪ್ರಬಂಧದ ಅವಧಿಯನ್ನು ನುಂಗುವುದು ಅನೇಕ ಸಲ ಇದೇ. ಕ್ಷೇತ್ರಕಾರ್ಯಕ್ಕೆ ವಿದ್ಯಾರ್ಥಿಗಳನ್ನು ಕಳುಹಿಸುತ್ತಾರೋ ಇಲ್ಲವೋ ತಿಳಿದುಕೊಳ್ಳಿ. ಒಂದು ಪ್ರಶ್ನಾವಳಿಯನ್ನು ಹಿಡಿದು ಮನೆಯೊಂದರ ಮುಂದೆ ನಿಂತು, ಅಜ್ಜಿಯೊಬ್ಬರಿಂದ ಸತ್ತುಹೋದ ಮಕ್ಕಳ ಲೆಕ್ಕ ಕೇಳಿ ನೋಡದವರು ಅಂಕಿಗಳ ಮೇಲೆ ಅತಿಯಾದ ವಿಶ್ವಾಸ ಇಡುತ್ತಾರೆ. ಅಲ್ಲಿ ಸೇರಿದರೆ ಮೊದಲ ಕೆಲವು ವಾರಗಳಲ್ಲಿ ಕಂಪ್ಯೂಟರನ್ನು ಬದಿಗಿಟ್ಟು ಒಂದು ಜೀವನ ಕೋಷ್ಟಕವನ್ನು ಕೈಯಿಂದಲೇ ಪೂರ್ತಿ ಮಾಡಿ. ನಂತರ ಲೆಕ್ಸಿಸ್ ರೇಖಾಚಿತ್ರವನ್ನು ಕಲಿಯಿರಿ. ಅಡ್ಡಕ್ಕೆ ಕಾಲ, ನೇರಕ್ಕೆ ವಯಸ್ಸು, ಪ್ರತಿಯೊಬ್ಬರ ಬದುಕೂ 45 ಡಿಗ್ರಿಯಲ್ಲಿ ಏರುವ ಗೆರೆ. ಒಂದು ವರ್ಷದ ಸಾವುಗಳನ್ನು ಯಾವ ಪೀಳಿಗೆಗೆ ಸೇರಿಸಬೇಕೆಂಬ ಗೊಂದಲ ಆ ಚಿತ್ರ ಬರೆದುಕೊಂಡ ಕೂಡಲೇ ತಿಳಿಯಾಗುತ್ತದೆ. ಅಷ್ಟಾದ ಮೇಲೆ ಆರ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಸಿದ್ಧ ಪ್ಯಾಕೇಜುಗಳು ಧಾರಾಳವಾಗಿ ಸಿಗುತ್ತವೆ, ಅವನ್ನು ಬಳಸಲು ಅವಸರವೇನಿಲ್ಲ.